ಟಬಿತಾಳನ್ನು ಕೇಳಿದ ಕೋಣೆ

ಹ್ಯಾಗ್‌ಬೆಕ್ ಊರಿನ ಹೆಬ್ಡನ್ನರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂರುವವರು ನಾಲ್ಕೇ ಜನ. ಮಾತೆಲ್ಲ ಮಾತ್ರ ಐದನೆಯದೊಂದರ ಮೇಲೆ. ಅದು ಗೋಡೆಯ ಮೇಲೆ ಕಪ್ಪು ಚೌಕಟ್ಟಿನ ಗಾಜಿನೊಳಗಿದ್ದ ಗೇಣುದ್ದದ ಪತ್ರ. ಕುರಿಯ ಚರ್ಮದ ಮೇಲೆ ಬರೆದದ್ದು. ಒಂದು ಅಂಚು ನೇರವಾಗಿರದೆ ಅಲೆಯಲೆಯಾಗಿ ಕತ್ತರಿಸಿದ್ದು. ಬೆಳಿಗ್ಗೆ ಚಾಪೆಲ್ಲಿನ ಪ್ರಾರ್ಥನೆ ಮುಗಿಸಿ ಬಂದು, ಮುದುಕ ಏಮಸ್ ತಲೆಬಾಗಿ ಅನ್ನ ಕೊಟ್ಟ ದೇವರನ್ನು ನೆನೆದು, ಗ್ರೇವಿ ಸುರಿದ ಯಾರ್ಕ್‌ಷೈರ್ ಪುಡಿಂಗ್ ಎಂಬ ಉಬ್ಬಿದ ಹಿಟ್ಟಿನ ರೊಟ್ಟಿ ಆಗಿ, ಕುರಿಮಾಂಸ ಮೇಜಿಗೆ ಬಂತೆಂದರೆ ಅವನ ಫೋರ್ಕು ಗೋಡೆಯ ಕಡೆ ಏಳುತ್ತಿತ್ತು.

"ಸಾವಿರದ ಏಳುನೂರ ಎಂಬತ್ನಾಲ್ಕು. ಸೈಮನ್ ಪಿಕರ್ಡ್ ಅನ್ನೋನು ನಮ್ಮ ಮ್ಯಾಥ್ಯೂ ಹೆಬ್ಡನ್‌ನ ಲಂಡನ್ ಕೋರ್ಟಿಗೆ ಎಳೆದು ಕರ್ಕ್ ಇಂಗ್ ಹುಲ್ಲುಗಾವಲು ಕಿತ್ಕೊಂಡ. ನಾನು ವಕೀಲನ್ನೂ ಇಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಪಿಕರ್ಡರ ಮಗಳನ್ನೇ ಕಟ್ಕೊಂಡು ವಾಪಸ್ ತಂದೆ. ಏನೇ, ಪಿಕರ್ಡಿನವಳೇ?"

ಪಿಕರ್ಡಿನವಳು ಎಂದರೆ ಅವನ ಹೆಂಡತಿ ಡಾರ್ಕಸ್. ಎಪ್ಪತ್ತೆರಡು ವರ್ಷದ ಆಕೆ ಆಲೂಗಡ್ಡೆಯ ಬಟ್ಟಲನ್ನು ಮಗನ ಕಡೆ ತಳ್ಳುತ್ತಿದ್ದಳು. ಮದುವೆಯಾಗಿ ಐವತ್ತೊಂದು ವರ್ಷ. ಅಷ್ಟೂ ವರ್ಷದ ಭಾನುವಾರಗಳಲ್ಲಿ ಈ ಮಾತಿಗೆ ಅವಳು ಕೊಟ್ಟ ಉತ್ತರ ಆ ಬಟ್ಟಲೊಂದೇ. ಸೊಸೆ ರೋಡಾ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮೊದಲ ವರ್ಷ ನಕ್ಕಳು, ಆಮೇಲೆ ಸುಮ್ಮನಾದಳು, ಈಗೀಗ ಆ ಮಾತು ಅವಳ ಕಿವಿಗೆ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿತ್ತು.

ಸಾವಿರದ ಒಂಬೈನೂರ ಎಂಬತ್ತೆಂಟರ ವಸಂತದಲ್ಲಿ ಆ ಮನೆಯ ನೆಮ್ಮದಿ ಕದಡಿದ್ದು ಅದೇ ಕರ್ಕ್ ಇಂಗ್‌ನಿಂದ. ಚಾಪೆಲ್ಲಿನ ಹಿಂದಿನ ಮೂರು ಎಕರೆ ಹುಲ್ಲುಗಾವಲು. ಡಾರ್ಕಸಳ ತಂದೆ ಸಾಯುವಾಗ ಅದನ್ನು ಅವಳೊಬ್ಬಳ ಹೆಸರಿಗೇ ಬರೆದಿಟ್ಟಿದ್ದ. ಮನೆ ಕಟ್ಟುವ ಕಂಪನಿಯೊಂದು ಅದರ ಮೇಲೆ ಕಣ್ಣಿಟ್ಟಿತು. ಕ್ರಾಸ್ಲಿ ಎಂಬ ಅದರ ಏಜೆಂಟ್ ನುಣುಪಾದ ಬೂಟು ಹಾಕಿಕೊಂಡು ಎರಡು ಸಲ ಬಂದುಹೋದ. ಏಮಸನಿಗೆ ಮಾರುವ ಆತುರ: ಚಾವಣಿ ಸೋರುತ್ತಿತ್ತು, ಮಂಡಿ ನೋವಿನಲ್ಲಿ ಹುಲ್ಲು ಕೊಯ್ಯಲಾಗುತ್ತಿರಲಿಲ್ಲ. ಹಾಲಿನ ಲಾರಿ ಓಡಿಸುವ ಮಗ ಕ್ಲೆಮೆಂಟ್ ಅಪ್ಪ ಹೇಳಿದ್ದಕ್ಕೆ ತಲೆಯಾಡಿಸಿದ.

ಎಲ್ಲರಿಗಿಂತ ಹೆಚ್ಚಿನ ಆತುರ ರೋಡಾಳದು. ಹೊಲ ಮಾರಿದರೆ ಬಂದ ಪಾಲಿನಲ್ಲಿ ಬೇರೆ ಮನೆ ಮಾಡೋಣ ಎಂದು ಕ್ಲೆಮೆಂಟ್ ಮಾತು ಕೊಟ್ಟಿದ್ದ. ಪಕ್ಕದ ಪೇಟೆಯಲ್ಲಿ ಅವಳು ಒಂದು ಮನೆ ನೋಡಿಯೂ ಬಂದಿದ್ದಳು: ಚಿಕ್ಕದು, ಸಾಲುಮನೆಗಳಲ್ಲಿ ಕೊನೆಯದು, ಅಡಿಗೆಮನೆಗೆ ಹಳದಿ ಬಣ್ಣ. ಮೇ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಳು ಆ ಮನೆಯೊಡತಿ. ಇಪ್ಪತ್ತೆರಡು ವರ್ಷ ಅತ್ತೆ ಜೋಡಿಸಿದ ಕಪಾಟಿನಿಂದ ಚಮಚ ತೆಗೆದು ಅತ್ತೆ ಜೋಡಿಸಿದ ಹಾಗೇ ಇಟ್ಟವಳು ರೋಡಾ. ಆ ಹಳದಿ ಗೋಡೆ ಕಂಡ ದಿನದಿಂದ ಅವಳಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಶಾಲೆಯ ಅಡಿಗೆ ಕೆಲಸದಿಂದ ಬಂದು ಕಿಟಕಿ ಒರೆಸುವಳು, ಒರೆಸಿದ್ದನ್ನೇ ಮತ್ತೆ ಒರೆಸುವಳು.

ಬೇಕಾಗಿದ್ದದ್ದು ಡಾರ್ಕಸಳ ಒಂದು ಸಹಿ. ಕೇಳಿದಾಗಲೆಲ್ಲ ಅವಳು ಹೂಂ ಎನ್ನಲಿಲ್ಲ, ಊಹೂಂ ಎಂದೂ ಎನ್ನಲಿಲ್ಲ. ಒಮ್ಮೆ ಒಲೆ ನೋಡಬೇಕು ಎಂದಳು. ಇನ್ನೊಮ್ಮೆ ಈಸ್ಟರ್ ಹಬ್ಬ ಕಳೆಯಲಿ ಎಂದಳು. ಹಬ್ಬವೂ ಕಳೆಯಿತು.

ಅಷ್ಟರಲ್ಲಿ ಕಂಪನಿಯವರ ವಕೀಲನಿಂದ ಕಾಗದ ಬಂತು. ಈ ಹೊಲ ಸರ್ಕಾರದ ಭೂದಾಖಲೆಗೆ ಎಂದೂ ಹತ್ತಿಲ್ಲ. ಚಾಪೆಲ್ ಪಕ್ಕದ ಗಾಡಿದಾರಿ ಹೊಲಕ್ಕೆ ಸೇರಿದ್ದೋ ಅಲ್ಲವೋ ತೋರಿಸಲು ಹಳೆಯ ಪತ್ರಗಳು ಬೇಕು. ಪಿಕರ್ಡರ ಹಳೆಯ ವಕೀಲರ ಕಚೇರಿಯಿಂದ ಒಂದು ತಗಡಿನ ಪೆಟ್ಟಿಗೆ ತರಿಸಿದ್ದಾಯಿತು. ರೋಡಾ ಅದನ್ನು ಅಡಿಗೆಮನೆಯ ಮೇಜಿನ ಮೇಲೆ ತೆರೆದಾಗ ಕುರಿದೊಡ್ಡಿಯ ವಾಸನೆ ಬಂತು. ಮಡಿಸಿ ಮಡಿಸಿ ಬೆಂಡಾದ ಚರ್ಮದ ಹಾಳೆಗಳು. ಒಂದನ್ನು ಬಿಡಿಸಿದರೆ ಮೇಜು ತುಂಬಿ ಕೆಳಗೆ ಇಳಿಬಿತ್ತು, ಕೈ ಬಿಟ್ಟರೆ ತಾನೇ ಸುರುಳಿಯಾಯಿತು.

"ಓದಕ್ಕೆ ಬರುತ್ತಾ ಹುಡುಗಿ?" ಎಂದ ಏಮಸ್.

"ಕಲೀತೀನಿ."

"ನಮ್ಮಪ್ಪನಿಗೇ ಬರಲಿಲ್ಲ. ಗೋಡೆ ಮೇಲಿರೋದನ್ನ ಓದಕ್ಕೆ ಸ್ಕೂಲ್ ಮೇಷ್ಟ್ರು ಬರಬೇಕಾಯ್ತು."

"ಹಾಗಾದ್ರೆ ನಾನೂ ಒಬ್ಬ ಮೇಷ್ಟ್ರನ್ನ ಹುಡುಕ್ತೀನಿ."

ಪ್ರತಿ ಗುರುವಾರ ಮಧ್ಯಾಹ್ನ ಬಸ್ಸು ಹಿಡಿದು ಅವಳು ಜಿಲ್ಲೆಯ ದಾಖಲೆ ಕಚೇರಿಗೆ ಹೋಗತೊಡಗಿದಳು. ಅಲ್ಲಿನ ಮಿಸ್ ಓಲ್ಡ್‌ಫೀಲ್ಡ್ ಮೊದಲು ಅವಳ ಕೈ ತೊಳೆಸಿದಳು, ಪೆನ್ನು ಕಿತ್ತಿಟ್ಟುಕೊಂಡು ಪೆನ್ಸಿಲ್ ಕೊಟ್ಟಳು, ಮರಳು ತುಂಬಿದ ಬಟ್ಟೆಯ ಹಾವುಗಳನ್ನು ಹಾಳೆಯ ನಾಲ್ಕು ಮೂಲೆಗೆ ಇಟ್ಟಳು. ಆಮೇಲೆ ಹೇಳಿಕೊಟ್ಟದ್ದು ಒಂದೇ ಮಾತು: ಎಲ್ಲವನ್ನೂ ಓದಬೇಡ. ಬರೆದವನಿಗೆ ಸಾಲಿನ ಲೆಕ್ಕದಲ್ಲಿ ಕೂಲಿ, ಹಾಗಾಗಿ ಒಂದೇ ಮಾತನ್ನು ಹತ್ತು ಸಲ ಹೊರಳಿಸಿದ್ದಾನೆ. ದಪ್ಪ ಅಕ್ಷರಗಳನ್ನು ಮಾತ್ರ ಹುಡುಕು. ಮೊದಲ ದಪ್ಪಕ್ಷರದ ಬಳಿ ಯಾರು ಯಾರಿಗೆ ಕೊಟ್ಟರು ಎಂದಿರುತ್ತದೆ. ನಡುವೆ ಏನನ್ನು ಕೊಟ್ಟರು, ಅದರ ನಾಲ್ಕು ಗಡಿ ಯಾವುವು ಎಂದಿರುತ್ತದೆ. ಅದರ ಕೆಳಗೆ ಎಷ್ಟು ಕಾಲಕ್ಕೆ. ಇಷ್ಟು ಸಿಕ್ಕರೆ ಹೊಲ ಸಿಕ್ಕಿತು.

ರೋಡಾಳಿಗೆ ಇದು ಮಾಂಸ ಕೊಯ್ಯುವ ಕೆಲಸದಂತೆ ಕಂಡಿತು. ಎಲುಬಿನ ಜಾಗ ಗೊತ್ತಾದರೆ ಚಾಕು ತಾನೇ ದಾರಿ ಹಿಡಿಯುತ್ತದೆ. ಎರಡನೆಯ ಗುರುವಾರವೇ ಗಾಡಿದಾರಿ ಸಿಕ್ಕಿತು: ಹೊಲಕ್ಕೇ ಸೇರಿದ್ದು. ಸಂಜೆ ಮನೆಗೆ ಓಡೋಡಿ ಬಂದು ಹೇಳಿದಳು. ಏಮಸ್ ಮೇಜು ತಟ್ಟಿದ, ಕ್ಲೆಮೆಂಟ್ ನಕ್ಕ. ಡಾರ್ಕಸ್ ಬ್ರೆಡ್ಡಿಗೆ ಕೊಬ್ಬು ಸವರುತ್ತ, ಎಲ್ಲರಿಗೂ ಎರಡೆರಡು ಸಾಕೇ ಎಂದು ಕೇಳಿದಳು. ಅಂದು ರೋಡಾಳಿಗೆ ಅತ್ತೆಯನ್ನು ಹಿಡಿದು ಅಲುಗಿಸಿಬಿಡಬೇಕು ಎನ್ನಿಸಿತು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪೆಟ್ಟಿಗೆಯ ತಳದಲ್ಲಿ ಗೇಣುದ್ದದ ಒಂದು ಹಾಳೆ ಉಳಿದಿತ್ತು, ಅಂಚು ಅಲೆಯಲೆಯಾಗಿ ಕತ್ತರಿಸಿದ್ದು. ಮನೆಯಲ್ಲಿ ಯಾರೂ ಇಲ್ಲದಾಗ ರೋಡಾ ಗೋಡೆಯ ಚೌಕಟ್ಟನ್ನು ಇಳಿಸಿ, ಹಿಂದಿನ ಮೊಳೆ ಕಿತ್ತು, ಎರಡನ್ನೂ ಮೇಜಿನ ಮೇಲಿಟ್ಟು ಹತ್ತಿರ ಸರಿಸಿದಳು. ಅಲೆಗೆ ಅಲೆ ಕೂಡಿಕೊಂಡಿತು. ಎರಡರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಬರಹ. ಮೂರನೆಯ ಗುರುವಾರ ಎರಡನ್ನೂ ಹಿಟ್ಟಿನ ಚೀಲದಲ್ಲಿ ಸುತ್ತಿ ಬಸ್ಸು ಹತ್ತಿದಳು.

ಮಿಸ್ ಓಲ್ಡ್‌ಫೀಲ್ಡ್ ಕನ್ನಡಕ ಏರಿಸಿ ನೋಡಿ, ನಿಮ್ಮ ಮನೆಯಲ್ಲಿ ಇದನ್ನು ಏನೆಂದು ತಿಳಿದಿದ್ದೀರಿ ಎಂದು ಕೇಳಿದಳು. ಪಿಕರ್ಡರು ನಮ್ಮವರನ್ನು ಕೋರ್ಟಿಗೆಳೆದ ಪತ್ರ ಎಂದಳು ರೋಡಾ.

"ಪ್ರತಿ ವರ್ಷ ಒಂದಿಬ್ಬರು ಇಂಥ ಜಗಳ ಹೊತ್ಕೊಂಡು ಬರ್ತಾರೆ," ಎಂದಳು ಆಕೆ. "ಇದು ಜಗಳ ಅಲ್ಲಮ್ಮ, ಮಾರಾಟ. ಆ ಕಾಲದಲ್ಲಿ ಜಮೀನು ಭದ್ರವಾಗಿ ಕೈ ಬದಲಾಗಬೇಕು ಅಂದ್ರೆ, ಕೊಳ್ಳೋನು ಅದು ನಂದು ಅಂತ ಸುಳ್ಳು ದೂರು ಕೊಡೋನು. ಮಾರೋನು ಹೌದು ಅವನದೇ ಅಂತ ಒಪ್ಕೊಳ್ಳೋನು. ಕೋರ್ಟು ಬರ್ಕೊಳ್ಳೋದು. ಆಮೇಲೆ ಯಾರಪ್ಪನ ಕೈಲೂ ಅದನ್ನ ಅಲ್ಲಾಡಿಸೋಕಾಗ್ತಿರಲಿಲ್ಲ. ಒಂದೇ ಚರ್ಮದ ಮೇಲೆ ಮೂರು ಸಲ ಬರೆದು ಕತ್ತರಿಸೋರು. ಒಂದು ಕೊಂಡೋನಿಗೆ, ಒಂದು ಮಾರಿದೋನಿಗೆ, ಕೆಳಗಿನ ತುಂಡು ಕೋರ್ಟಿಗೆ."

"ಹಾಗಾದ್ರೆ ಯಾರೂ ಯಾರದ್ದೂ ಕಿತ್ಕೊಳ್ಳಲಿಲ್ವಾ?"

"ಪೂರ್ತಿ ಬೆಲೆ ಕೊಟ್ಟಿರ್ತಾನೆ. ಇಬ್ಬರೂ ಒಂದೇ ಬೆಂಚಲ್ಲಿ ಕೂತು ಕುಡಿದು ಮನೆಗೆ ಹೋಗಿರ್ತಾರೆ."

ಪಿಕರ್ಡರ ಹಾಳೆಯ ಮಡಿಕೆಯೊಳಗೆ ಒಂದು ಚೀಟಿ ಅಂಟಿಕೊಂಡಿತ್ತು. ಅಂದಿನ ವಕೀಲನ ಗುಮಾಸ್ತ ತನ್ನ ದಿನದ ಕೆಲಸ ಬರೆದುಕೊಂಡದ್ದು. ಮಿಸ್ ಓಲ್ಡ್‌ಫೀಲ್ಡ್ ಅದನ್ನು ಮೆಲ್ಲಗೆ ಓದಿದಳು: ಹೋಟೆಲಿನ ಮೇಲಿನ ಕೋಣೆಯಲ್ಲಿ ಮ್ಯಾಥ್ಯೂ ಹೆಬ್ಡನ್‌ನ ಹೆಂಡತಿ ಟಬಿತಾಳನ್ನು ಪ್ರತ್ಯೇಕವಾಗಿ ವಿಚಾರಿಸಲಾಯಿತು. ಗಂಡನನ್ನು ಅಂಗಳಕ್ಕೆ ಕಳಿಸಲಾಯಿತು. ಉತ್ತರಕ್ಕೆ ತಡಮಾಡಿದ್ದರಿಂದ ಎರಡು ಸಲ ಕೇಳಲಾಯಿತು. ತನ್ನ ಮನಸ್ಸಿನಿಂದಲೇ ಒಪ್ಪಿದ್ದಾಗಿ, ಯಾರ ಭಯವೂ ಇಲ್ಲವೆಂದು ಹೇಳಿದಳು.

ಗಂಡನ ಜಮೀನಿನಲ್ಲಿ ಹೆಂಡತಿಗೂ ಹಕ್ಕಿತ್ತು ಎಂದು ಮಿಸ್ ಓಲ್ಡ್‌ಫೀಲ್ಡ್ ವಿವರಿಸಿದಳು. ಅವನು ಸತ್ತಮೇಲೆ ಮೂರರಲ್ಲೊಂದು ಪಾಲಿನ ಉತ್ಪತ್ತಿ ಅವಳು ಇರುವವರೆಗೂ ಅವಳದು. ಅದನ್ನು ಬಿಟ್ಟುಕೊಡಬೇಕಾದರೆ ಅವಳೇ ಹೇಳಬೇಕು, ಅದೂ ಗಂಡ ಎದುರಿಗಿಲ್ಲದಾಗ. ಆ ಕಾಲದ ಹೆಂಗಸಿಗೆ ಬೇರೆ ಏನನ್ನೂ ಯಾರೂ ಕೇಳುತ್ತಿರಲಿಲ್ಲ, ಇದೊಂದನ್ನು ಮಾತ್ರ ಕೇಳುತ್ತಿದ್ದರು ಎಂದಳು.

ಬಸ್ಸಿನಲ್ಲಿ ರೋಡಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಗಾಳಿ, ಗುಡ್ಡದ ಮೇಲಿನ ಕುರಿಗಳು ಒಂದು ಕಡೆ ಮೇಯದೆ ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದವು. ಅವಳಿಗೆ ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ. ಇದನ್ನು ಹೇಳಿದರೆ ಅತ್ತೆಯ ಮನಸ್ಸು ಹಗುರಾಗಿ ಸಹಿ ಬೀಳಬಹುದು ಎಂದುಕೊಂಡಳು. ಮನುಷ್ಯರ ಆಸೆ ಎಷ್ಟು ಸಲ ಸತ್ಯದ ಬಟ್ಟೆ ತೊಟ್ಟು ಹೊರಡುತ್ತದೋ ದೇವರೇ ಬಲ್ಲ.

ಭಾನುವಾರ ಊಟಕ್ಕೆ ಕೂತು, ಫೋರ್ಕು ಇನ್ನೂ ಏಳುವ ಮೊದಲೇ ಅವಳು ಎಲ್ಲವನ್ನೂ ಹೇಳಿದಳು. ಚೀಟಿಯ ವಿಷಯ ಒಂದನ್ನು ಬಿಟ್ಟು. ಎರಡು ಹಾಳೆಗಳನ್ನೂ ಉಪ್ಪಿನ ಬಟ್ಟಲ ಪಕ್ಕ ಕೂಡಿಸಿ ತೋರಿಸಿದಳು.

ಏಮಸ್ ಬಹಳ ಹೊತ್ತು ನೋಡಿದ. "ಕೋರ್ಟು ಸುಳ್ಳು ಬರೆಯುತ್ತಾ?" ಎಂದ ಕೊನೆಗೆ.

"ಬರೆಯೋದಂತೆ. ಎಲ್ಲರಿಗೂ ಗೊತ್ತಿದ್ದ ಸುಳ್ಳು. ನಮಗೆ ಮಾತ್ರ ಮರೆತುಹೋಯ್ತು."

"ಆ ಕಚೇರಿಯವಳು ಪಿಕರ್ಡರ ಕಡೆಯೋಳಿರಬೇಕು."

"ಅಪ್ಪ," ಎಂದ ಕ್ಲೆಮೆಂಟ್, ಅಷ್ಟಕ್ಕೇ ನಿಲ್ಲಿಸಿದ.

ಡಾರ್ಕಸ್ ಎರಡು ಹಾಳೆಗಳು ಕೂಡಿದ ಗೆರೆಯ ಮೇಲೆ ಒಂದು ಬೆರಳಾಡಿಸಿದಳು. ಆಮೇಲೆ ಎದ್ದು ರುಬಾರ್ಬ್ ಸಿಹಿ ತರಲು ಒಳಗೆ ಹೋದಳು. ಬರುವುದು ತಡವಾಯಿತು. ರೋಡಾ ಹೋಗಿ ನೋಡಿದರೆ ಅತ್ತೆ ತೊಟ್ಟಿಯ ಮುಂದೆ ಸುಮ್ಮನೆ ನಿಂತಿದ್ದಳು, ನಲ್ಲಿ ಹರಿಯುತ್ತಿತ್ತು.

ಅಂದಿನಿಂದ ಏಮಸ್ ಆ ಮಾತನ್ನು ಆಡಲಿಲ್ಲ. ಬದಲಿಗೆ ಬೇರೆಲ್ಲದಕ್ಕೂ ರೇಗತೊಡಗಿದ: ಗಂಜಿಯಲ್ಲಿ ಉಪ್ಪು ಹೆಚ್ಚು, ಕಲ್ಲಿದ್ದಲು ಒದ್ದೆ, ಬಾಗಿಲು ಕಿರುಗುಟ್ಟುತ್ತದೆ. ಅವನ ಕೈಯಿಂದ ಏನೋ ಜಾರಿತ್ತು, ಅದನ್ನು ಮನೆಯೆಲ್ಲ ಹುಡುಕುವವನಂತೆ ಓಡಾಡಿದ. ಮೇ ಎರಡನೆಯ ವಾರ ಕ್ರಾಸ್ಲಿ ಬಂದು, ಈ ಶನಿವಾರದೊಳಗೆ ಆಗದಿದ್ದರೆ ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ ಎಂದು ಹೇಳಿ, ಕರಾರಿನ ಕಾಗದ ಬಿಟ್ಟುಹೋದ. ಹಳದಿ ಮನೆಯ ಒಡತಿಯೂ ಫೋನು ಮಾಡಿ, ಇನ್ನೊಬ್ಬರು ಬಂದು ನೋಡಿದ್ದಾರೆ ಎಂದಳು. ಆ ರಾತ್ರಿ ರೋಡಾ ಕ್ಲೆಮೆಂಟನಿಗೆ ನಿಮ್ಮಮ್ಮನಿಗೆ ನೀನೇ ಹೇಳು ಎಂದಳು. ಅಪ್ಪ ಹೇಳುತ್ತಾನೆ ಬಿಡು ಎಂದ ಅವನು.

ಶನಿವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಏಮಸ್ ಕಾಗದವನ್ನು ಹೆಂಡತಿಯ ತಟ್ಟೆಯ ಪಕ್ಕ ಇಟ್ಟ, ಅದರ ಮೇಲೆ ಪೆನ್ನು ಇಟ್ಟ, ಕೈಕಟ್ಟಿ ನಿಂತ. ಕ್ಲೆಮೆಂಟ್ ಅಪ್ಪನ ಹಿಂದೆ ನಿಂತ. ಡಾರ್ಕಸ್ ಪೆನ್ನಿನ ಕಡೆ ನೋಡಿದಳು. ಕೈ ಸ್ವಲ್ಪ ಮುಂದಕ್ಕೆ ಹೋಯಿತು, ಬಟ್ಟಲು ತಳ್ಳಲು ಹೋಗುತ್ತಿತ್ತಲ್ಲ, ಹಾಗೆಯೇ.

ರೋಡಾ ಅದನ್ನು ಕಂಡಳು. ಸಹಿ ಬೀಳುತ್ತದೆ ಎಂದು ಅವಳಿಗೆ ಗೊತ್ತಾಯಿತು. ತಾನು ಸುಮ್ಮನಿದ್ದರೆ ಸಾಕು, ಹಳದಿ ಅಡಿಗೆಮನೆ ತನ್ನದು.

"ಮಾವ, ನೀವಿಬ್ಬರೂ ಸ್ವಲ್ಪ ಅಂಗಳಕ್ಕೆ ಹೋಗಿ," ಎಂದಳು.

"ಯಾಕೆ?"

"ಅಮ್ಮನ್ನ ಒಂದು ಮಾತು ಕೇಳಬೇಕು."

"ನನ್ನೆದುರಿಗೇ ಕೇಳು. ನಮ್ಮನೇಲಿ ಗುಟ್ಟಿಲ್ಲ."

"ನಿಮ್ಮ ಮ್ಯಾಥ್ಯೂನೂ ಹೊರಗೆ ಹೋಗಿ ನಿಂತಿದ್ದ, ಮಾವ. ಬರೆದಿಟ್ಟಿದ್ದಾರೆ. ಬೇಕಾದ್ರೆ ತೋರಿಸ್ತೀನಿ."

ಅವಳು ಚೀಟಿಯನ್ನು ಅವನ ಕೈಗೆ ಕೊಟ್ಟಳು. ಅದರ ಕೆಳಗೆ ಮಿಸ್ ಓಲ್ಡ್‌ಫೀಲ್ಡ್ ಪೆನ್ಸಿಲಿನಲ್ಲಿ ಈಗಿನ ಅಕ್ಷರದಲ್ಲಿ ಬರೆದುಕೊಟ್ಟ ಕಾಗದವಿತ್ತು. ಏಮಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ, ಇನ್ನೊಮ್ಮೆ ಓದಿದ. ಇಷ್ಟು ವರ್ಷ ಅವನು ಆಣೆಯಿಟ್ಟಂತೆ ನಂಬಿದ್ದು ಹಳೆಯ ಪತ್ರವನ್ನು. ಈಗ ಅದರ ಮಾತನ್ನು ತಳ್ಳಿಹಾಕಲು ಅವನಿಗೆ ದಾರಿ ಇರಲಿಲ್ಲ. ಟೋಪಿ ಹಾಕಿಕೊಂಡ. ಮಗನೂ ಹಿಂದೆಯೇ ಹೋದ. ರೋಡಾ ಬಾಗಿಲು ಹಾಕಿದಳು.

ಹೂಂ ಅನ್ನಿಸಪ್ಪಾ ದೇವರೇ ಎಂದು ರೋಡಾ ಮನಸ್ಸಿನಲ್ಲೇ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಅತ್ತೆಯ ಎದುರು ಕುರ್ಚಿ ಎಳೆದು ಕೂತಳು.

"ಅಮ್ಮ, ನಿಮ್ಮ ಹೊಲ ಮಾರೋದಕ್ಕೆ ನಿಮಗೆ ಮನಸ್ಸಿದೆಯಾ?"

ಡಾರ್ಕಸ್ ತಡಮಾಡಿದಳು. ಅವಳಿಗೆ ಮಾತಿನ ಅಭ್ಯಾಸ ತಪ್ಪಿತ್ತು. ಮಾತು ಬರುವ ದಾರಿ ಹುಡುಕುವಂತೆ ಅತ್ತಿತ್ತ ನೋಡಿದಳು.

"ಇಲ್ಲ," ಎಂದಳು.

ರೋಡಾ ಕಣ್ಣು ಮುಚ್ಚಿ ತೆರೆದಳು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಮಾವ ಏನಂತಿದ್ದ? ಪಿಕರ್ಡರ ಬುದ್ಧಿ ಬಿಟ್ಟು ಎಲ್ಲಿಗೆ ಹೋಗ್ತೀಯ, ಹಿಡಿದ ಹೊಲ ಬಿಡಲ್ಲ ಅಂತಿದ್ದ. ನಮ್ಮಪ್ಪ ಪ್ರತಿ ಜೂನ್ ಆ ಹೊಲಕ್ಕೆ ಇಳಿಯೋ ಮೊದಲು ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ದ. ಕದ್ದ ಹೊಲದಲ್ಲಿ ಮಂಡಿಯೂರ್ತಿದ್ದ ಅಂತ ನಂಬ್ಕೊಂಡು ಐವತ್ತು ವರ್ಷ ಕಳೆದೆ ನಾನು. ಮಾರಿಬಿಟ್ರೆ ಆ ಪಾಪ ತೊಳೆಯುತ್ತೇನೋ ಅಂತಾನೂ ಅನ್ನಿಸಿತ್ತು. ಈಗ ಅದು ಕದ್ದದ್ದಲ್ಲ ಅಂತ ನೀನೇ ತಂದು ತೋರಿಸಿದೆ. ಇನ್ಯಾಕೆ ಮಾರಲಿ?"

ತಾನೇ ತೋಡಿದ ಗುಂಡಿಯ ಅಂಚಿನಲ್ಲಿ ನಿಂತ ಹಾಗಾಯಿತು ರೋಡಾಳಿಗೆ. ನಗುವೂ ಬಂತು, ಕಣ್ಣೂ ತುಂಬಿತು.

"ನಿನಗ್ಯಾಕೆ ಮಾರಬೇಕಿತ್ತು?" ಎಂದಳು ಡಾರ್ಕಸ್.

"ಬೇರೆ ಮನೆಗೆ. ನಂದೇ ಒಂದು ಅಡಿಗೆಮನೆಗೆ. ಕೋಪ ಮಾಡ್ಕೋಬೇಡಿ ಅಮ್ಮ."

"ನಾನೂ ನಮ್ಮತ್ತೆ ಕಪಾಟಲ್ಲೇ ಚಮಚ ಹುಡುಕಿದೋಳು. ಕೋಪ ಎಲ್ಲಿಂದ ಬರಬೇಕು." ಆಕೆ ಕೈಯೊರೆಸಿಕೊಂಡಳು. "ಕ್ಲೆಮೆಂಟ್ ಪ್ರತಿ ವಾರ ಸಂಬಳ ತರ್ತಾನೆ. ನೀನೂ ದುಡೀತೀಯ. ಬೇರೆ ಇರೋದಕ್ಕೆ ಬಾಡಿಗೆ ಮನೆ ಸಾಕು, ನನ್ನ ಹೊಲ ಯಾಕೆ? ಅವನಿಗೆ ಅಪ್ಪನ ಭಯ, ಮಗಳೇ. ನನ್ನ ಹೊಲ ಅಡ್ಡ ಹಿಡ್ಕೊಂಡು ನಿಂತಿದ್ದಾನೆ ಅಷ್ಟೆ."

ರೋಡಾ ಕರಾರಿನ ಕಾಗದ ಎತ್ತಿಕೊಂಡು ಬಾಗಿಲು ತೆಗೆದಳು. ಗಂಡಸರಿಬ್ಬರೂ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಕೇಳಿದೆ. ಅಮ್ಮನಿಗೆ ಒಪ್ಪಿಗೆ ಇಲ್ಲ."

ಏಮಸ್ ಅವಳ ಮುಖವನ್ನೇ ನೋಡಿದ. "ಅದು ಅವಳ ಮಾತೋ, ನೀನು ಹೇಳಿಕೊಟ್ಟ ಮಾತೋ?"

"ನನ್ನದೇ, ಏಮಸ್."

ಡಾರ್ಕಸ್ ಹೊಸ್ತಿಲ ಮೇಲೆ ಬಂದು ನಿಂತಿದ್ದಳು. ಮುದುಕ ಬಾಯಿ ತೆರೆದ; ಐವತ್ತೊಂದು ವರ್ಷ ನಾಲಿಗೆಯ ತುದಿಯಲ್ಲಿದ್ದ ಮಾತು ಈಗ ಅಲ್ಲಿರಲಿಲ್ಲ. ಟೋಪಿ ತೆಗೆದು ಮಂಡಿಗೆ ಹೊಡೆದು ಧೂಳು ಕೊಡವಿದ. ಧೂಳೇನೂ ಇರಲಿಲ್ಲ.

"ಹಾಗಾದ್ರೆ ಈ ಜೂನಿನಲ್ಲಿ ಹುಲ್ಲು ಯಾರು ಕೊಯ್ಯೋದು?" ಎಂದ.

"ಆಳು ಇಡ್ತೀನಿ. ನನ್ನ ಹೊಲ," ಎಂದಳು ಡಾರ್ಕಸ್. ಒಳಗೆ ಹೋದಳು. ಸ್ವಲ್ಪ ಹೊತ್ತು ನಿಂತು ಅವನೂ ಹಿಂದೆ ಹೋದ, ಬಾಗಿಲು ಕಿರುಗುಟ್ಟಿದ್ದಕ್ಕೆ ಏನೂ ಅನ್ನದೆ.

ಅಂಗಳದಲ್ಲಿ ಗಂಡಹೆಂಡಿರು ಉಳಿದರು. ಇನ್ನು ನಮ್ಮ ಬೇರೆ ಮನೆಯ ಮಾತು ಮುಗಿಯಿತಲ್ಲ ಎಂದು ಕ್ಲೆಮೆಂಟ್ ನೆಲ ನೋಡುತ್ತ ಹೇಳಿದ. ಅವನ ದನಿಯಲ್ಲಿ ಬೇಸರದ ಜೊತೆ ಒಂದಿಷ್ಟು ನಿರಾಳವೂ ಇದ್ದದ್ದು ರೋಡಾಳ ಕಿವಿಗೆ ಬಿತ್ತು. ಅವಳು ಅವನ ತೋಳು ಹಿಡಿದು ಹುಲ್ಲಿನ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಅವನ ಕಣ್ಣು ಮನೆಯ ಕಿಟಕಿಯ ಕಡೆ ಹೊರಳಿತು. ಅವಳು ಕೊಟ್ಟಿಗೆಯ ಬಾಗಿಲನ್ನೂ ಎಳೆದುಕೊಂಡಳು. ಈಗ ಅವನಿಗೆ ನೋಡಲು ಅವಳ ಮುಖವೊಂದೇ ಇತ್ತು.

"ನಲವತ್ತಾರು ವರ್ಷ ಆಯ್ತು ನಿನಗೆ," ಎಂದಳು. "ಇಲ್ಲಿ ನಿಮ್ಮಪ್ಪ ಇಲ್ಲ. ಹೊಲದ ಮಾತೂ ಇಲ್ಲ. ಎರಡು ಕೋಣೆ ಬಾಡಿಗೆ ಮನೆ ಆದ್ರೂ ಸರಿ, ನನ್ನ ಜೊತೆ ಬರೋದಕ್ಕೆ ನಿನಗೆ ಮನಸ್ಸಿದೆಯಾ, ಇಲ್ವಾ? ಇಲ್ಲ ಅಂದ್ರೂ ಬೈಯಲ್ಲ. ಆದ್ರೆ ನಿನ್ನ ಬಾಯಿಂದ ಕೇಳಬೇಕು."

ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಕ್ಲೆಮೆಂಟ್ ಒಂದು ಹುಲ್ಲುಕಡ್ಡಿ ಎಳೆದು, ಮುರಿದು, ಇನ್ನೊಂದು ಎಳೆದ. ಅವಳು ಕಾದಳು. ಎಷ್ಟು ಹೊತ್ತಾದರೂ ಕಾಯುವುದೆಂದು ನಿಂತಿದ್ದಳು.

"ಬರ್ತೀನಿ," ಎಂದ ಅವನು, ಪಿಸುಮಾತಿನಲ್ಲಿ.

ರೋಡಾ ಕೊಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದಳು, ಅಂಗಳದಾಚೆ ಅಡಿಗೆಮನೆಯ ಕಿಟಕಿ ಕಾಣುವ ಹಾಗೆ.

"ಇನ್ನೊಂದು ಸಲ ಹೇಳು," ಎಂದಳು. "ಸ್ವಲ್ಪ ಜೋರಾಗಿ."